ಪಂಕ್ ಕನ್ಸರ್ಟ್ ಚಿತ್ರಗಳು: ಹೆಸರು ಆಮೇಲೆ, ಮೊದಲು ಎಷ್ಟನೇ ತಲೆಮಾರಿನ ಪ್ರತಿ ಹೇಳಿ

ಒರಟು, ವೇಗದ ರಾಕ್ ಸಂಗೀತವಾದ ಪಂಕ್‌ನ ಹಳೆಯ ಕನ್ಸರ್ಟ್ ಚಿತ್ರಗಳನ್ನು ಕೂಡಿಡುವವರ ನಡುವೆ ಚಿತ್ರದ ಹೆಸರು ಹೇಳಿದರೆ ಮಾತು ಮುಗಿಯುವುದಿಲ್ಲ, ಶುರುವಾಗುತ್ತದೆ. ರೀಲೋ ಟೇಪೋ? ಟೇಪಾದರೆ ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯೋ, ಯುರೋಪಿನ ಬಹುಭಾಗದ ಪಾಲೋ? ಯಾರ ಪ್ರತಿಯಿಂದ ಇಳಿಸಿದ್ದು? ಯಾವ ಹಾಡು ಎಲ್ಲಿಗೆ ಕತ್ತರಿಸಿಹೋಗಿದೆ? ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಒಂದರಲ್ಲಿ ಗಾಯಕಿಯ ಮುಖ ಕಾಣುತ್ತದೆ, ಇನ್ನೊಂದರಲ್ಲಿ ಬರೀ ಬಿಳಿ ಮಬ್ಬು ಅಲ್ಲಾಡುತ್ತದೆ. ಮೂಲದಿಂದ ಎಷ್ಟು ಸಲ ನಕಲಾಗಿದೆ ಎಂಬುದೇ ಪ್ರತಿಯ ತಲೆಮಾರು. ಮೂಲಕ್ಕೆ ಎಷ್ಟು ಹತ್ತಿರವಿದೆಯೋ ಅಷ್ಟೇ ಒಂದು ಪ್ರತಿಯ ತೂಕ. ಆ ಹತ್ತಿರವನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಬರಹದ ವಿಷಯ.

ಅದಕ್ಕೂ ಮುಂಚೆ, ಇವುಗಳ ಮೇಲೆ ಇಷ್ಟು ಆಸೆ ಏಕೆ ಎಂಬುದನ್ನು ಹೇಳಬೇಕು. ಅಪರೂಪ ಎನ್ನುವುದೊಂದೇ ಕಾರಣವಲ್ಲ. ಪಂಕ್ ತಂಡಗಳು ತಿಂಗಳುಗಳಲ್ಲಿ ಹುಟ್ಟಿ ತಿಂಗಳುಗಳಲ್ಲಿ ಬದಲಾದವು. ರೆಕಾರ್ಡ್ ಕಂಪನಿ ಬಾಗಿಲು ತೆರೆಯುವ ಹೊತ್ತಿಗೆ ವೇದಿಕೆಯ ಮೇಲಿದ್ದವರೇ ಬೇರೆಯಾಗಿರುತ್ತಿದ್ದರು. ಡಾನ್ ಲೆಟ್ಸ್ 1977ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನ ನೀಲ್ ಸ್ಟ್ರೀಟ್‌ನಲ್ಲಿದ್ದ ರಾಕ್ಸಿ ಕ್ಲಬ್ಬಿನಲ್ಲಿ ಡಿಜೆ ಆಗಿದ್ದುಕೊಂಡೇ ಮನೆಬಳಕೆಯ ಚಿಕ್ಕ ಫಿಲ್ಮಿನ ಸೂಪರ್ 8 ಕ್ಯಾಮೆರಾದಲ್ಲಿ ಹಿಡಿದ ದೃಶ್ಯಗಳು ‘ದಿ ಪಂಕ್ ರಾಕ್ ಮೂವಿ’ ಆದವು. ಅದರಲ್ಲಿ ಸ್ಲಿಟ್ಸ್ ತಂಡದ ಡ್ರಮ್ಸ್ ಹಿಂದೆ ಪಾಮಾಲಿವ್ ಇದ್ದಾಳೆ. ತಂಡದ ಮೊದಲ ಆಲ್ಬಂ 1979ರಲ್ಲಿ ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಅದರಲ್ಲಿ ಡ್ರಮ್ಸ್ ನುಡಿಸಿದ್ದು ಬಡ್ಜಿ. ಲಾಸ್ ಏಂಜಲೀಸ್‌ನಲ್ಲಿ ಪೆನಲೋಪಿ ಸ್ಫೀರಿಸ್ 1979ರ ಕೊನೆಯಿಂದ 1980ರ ಮಧ್ಯದವರೆಗೆ ಚಿತ್ರಿಸಿದ ‘ದಿ ಡಿಕ್ಲೈನ್ ಆಫ್ ವೆಸ್ಟರ್ನ್ ಸಿವಿಲೈಸೇಷನ್’ನಲ್ಲಿ ಬ್ಲ್ಯಾಕ್ ಫ್ಲ್ಯಾಗ್ ತಂಡಕ್ಕೆ ಹಾಡುವವನು ರಾನ್ ರೇಯಸ್. ಎಲ್ಲರಿಗೂ ಗೊತ್ತಿರುವ ಹೆನ್ರಿ ರೋಲಿನ್ಸ್ ತಂಡಕ್ಕೆ ಬಂದದ್ದೇ 1981ರಲ್ಲಿ. ಅದೇ ಚಿತ್ರದಲ್ಲಿ ಜರ್ಮ್ಸ್ ತಂಡದ ಡಾರ್ಬಿ ಕ್ರ್ಯಾಶ್ ಇದ್ದಾನೆ. ಚಿತ್ರ ತೆರೆಗೆ ಬರುವ ಮುನ್ನವೇ, 1980ರ ಡಿಸೆಂಬರ್ 7ರಂದು, ತೀರಿಕೊಂಡ. ಮೊದಲ ಆಲ್ಬಂನಲ್ಲಿ ಇಲ್ಲದ ತಂಡವೊಂದು ಫಿಲ್ಮಿನ ಮೇಲೆ ಉಳಿದಿದೆ. ಆದ್ದರಿಂದಲೇ ಎರಡು ನಿಮಿಷದ ಒಂದು ತುಣುಕಿಗಾಗಿ ಜನ ವರ್ಷಗಟ್ಟಲೆ ಹುಡುಕುತ್ತಾರೆ.

ಸಿಗದೇ ಇರುವುದಕ್ಕೆ ದೊಡ್ಡ ಕಾರಣ ಹಾಡುಗಳ ಹಕ್ಕು. ಕನ್ಸರ್ಟ್ ಚಿತ್ರದಲ್ಲಿ ಒಂದೊಂದು ಹಾಡಿಗೂ ಹಾಡು ಬರೆದವರ ಪ್ರಕಾಶಕರ ಅನುಮತಿ ಬೇಕು, ಹಾಡಿದವರದ್ದೂ ಬೇಕು. ಇಪ್ಪತ್ತು ತಂಡಗಳಿದ್ದರೆ ಇಪ್ಪತ್ತು ಕಡೆ ಕಾಗದಪತ್ರ. ಚಿತ್ರಮಂದಿರದ ಪ್ರದರ್ಶನಕ್ಕೆಂದು ಬರೆಸಿಕೊಂಡ ಕರಾರು ವಿಡಿಯೋಗೆ, ಡಿವಿಡಿಗೆ ತಾನಾಗಿ ಅನ್ವಯಿಸುವುದಿಲ್ಲ. ‘ಅರ್ಘ್! ಎ ಮ್ಯೂಸಿಕ್ ವಾರ್’ 1980ರ ದಶಕದ ಆರಂಭದ ಚಿತ್ರ. ಅಮೆರಿಕದ ಯುಎಸ್‌ಎ ನೆಟ್‌ವರ್ಕ್‌ನ ‘ನೈಟ್ ಫ್ಲೈಟ್’ ಕಾರ್ಯಕ್ರಮದಲ್ಲಿ ಬಂದಾಗ ಜನ ಮನೆಯಲ್ಲೇ ಟೇಪು ಮಾಡಿಕೊಂಡರು, ಆ ಟೇಪುಗಳೇ ಕೈಯಿಂದ ಕೈಗೆ ಹೋದವು. ಡಿವಿಡಿ ಬಂದದ್ದು 2009ರಲ್ಲಿ, ಅದೂ ವಾರ್ನರ್ ಆರ್ಕೈವ್ ಬೇಡಿಕೆಗೆ ತಕ್ಕಂತೆ ಬರೆದುಕೊಡುವ ಡಿವಿಡಿ-ಆರ್ ರೂಪದಲ್ಲಿ. ‘ಡಿಕ್ಲೈನ್’ ಅಧಿಕೃತವಾಗಿ ಡಿಸ್ಕಿನಲ್ಲಿ ಸಿಕ್ಕಿದ್ದು 2015ರಲ್ಲಿ, ಮರುವರ್ಷವೇ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೆ ಸೇರಿತು. ಮಧ್ಯದ ಮೂವತ್ತು ಚಿಲ್ಲರೆ ವರ್ಷ ಆ ಚಿತ್ರವನ್ನು ಬದುಕಿಸಿದ್ದರಲ್ಲಿ ಟೇಪಿನಿಂದ ಟೇಪಿಗೆ ನಕಲು ಮಾಡಿದವರ ಪಾಲು ದೊಡ್ಡದು.

ಈ ಚಿತ್ರಗಳು ಹೀಗೇಕೆ ಕಾಣುತ್ತವೆ ಎನ್ನುವುದಕ್ಕೆ ಉತ್ತರ ಉಪಕರಣದಲ್ಲಿದೆ. ಸೂಪರ್ 8 ಕಾರ್ಟ್ರಿಜ್‌ನಲ್ಲಿ 50 ಅಡಿ ಫಿಲ್ಮು. ಅಡಿಗೆ 72 ಫ್ರೇಮಿನಂತೆ ಒಟ್ಟು 3,600 ಫ್ರೇಮು. ಸೆಕೆಂಡಿಗೆ 18 ಫ್ರೇಮಿನಲ್ಲಿ ಓಡಿಸಿದರೆ 3 ನಿಮಿಷ 20 ಸೆಕೆಂಡು, 24ರಲ್ಲಿ ಎರಡೂವರೆ ನಿಮಿಷ. ಪಂಕ್ ಹಾಡು ಎರಡು ಎರಡೂವರೆ ನಿಮಿಷದ್ದು. ಅಂದರೆ ಹೊಸ ಕಾರ್ಟ್ರಿಜ್ ಹಾಕಿ ಹಾಡಿನ ಮೊದಲ ಹೊಡೆತಕ್ಕೇ ಗುಂಡಿ ಒತ್ತಿದ್ದರೆ ಪೂರ್ತಿ ಹಾಡು ಸಿಗುತ್ತದೆ, ಅರ್ಧ ಖಾಲಿಯಾದ ಹಳೆಯ ಕಾರ್ಟ್ರಿಜ್‌ನಲ್ಲೇ ಮುಂದುವರಿದಿದ್ದರೆ ಕೊನೆಯ ಸಾಲಿಗೆ ಮುಂಚೆಯೇ ಚಿತ್ರ ನಿಲ್ಲುತ್ತದೆ. ಹಾಡಿನ ನಡುವೆ ಚಿತ್ರ ತಟ್ಟನೆ ನೆಲಕ್ಕೋ ಸೂರಿಗೋ ಬಾರಿನ ಕಡೆಗೋ ಹಾರುವುದನ್ನು ಕಂಡರೆ ಸಂಕಲನಕಾರನ ಶೈಲಿ ಎಂದುಕೊಳ್ಳಬೇಡಿ. ಬಹಳ ಸಲ ಅಲ್ಲಿ ಕಾರ್ಟ್ರಿಜ್ ಮುಗಿದಿದೆ, ಆ ಖಾಲಿಯನ್ನು ಬೇರೆ ಶಾಟ್‌ನಿಂದ ತುಂಬಿದ್ದಾರೆ. ಬೆಳಕಿನ ಕಥೆಯೂ ಹೀಗೇ. ಹೆಚ್ಚು ಬೆಳಕು ಬೇಡುವ ಕೊಡಾಕ್ರೋಮ್ 40 ಫಿಲ್ಮು ನೆಲಮಾಳಿಗೆಯ ಕ್ಲಬ್ಬಿಗೆ ಸಾಲದು. 1971ರಲ್ಲಿ ಬಂದ, ಕಡಿಮೆ ಬೆಳಕಿನಲ್ಲೂ ನಡೆಯುವ ಎಕ್ಟಾಕ್ರೋಮ್ 160 ಫಿಲ್ಮು ಮತ್ತು ಎಫ್/1.2 ಲೆನ್ಸಿನ ಎಕ್ಸ್‌ಎಲ್ ಕ್ಯಾಮೆರಾಗಳು ಇಲ್ಲದಿದ್ದರೆ ಇವುಗಳಲ್ಲಿ ಅರ್ಧದಷ್ಟು ದೃಶ್ಯ ಕತ್ತಲೆಯಾಗಿರುತ್ತಿತ್ತು.

ಧ್ವನಿ ಇನ್ನೂ ಕಷ್ಟದ್ದು. ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನ ಸುತ್ತಮುತ್ತ ಅಮೋಸ್ ಪೋ ಮತ್ತು ಐವನ್ ಕ್ರಾಲ್ ಮಾಡಿದ ‘ದಿ ಬ್ಲ್ಯಾಂಕ್ ಜನರೇಷನ್’ 1976ರ ಕಪ್ಪು ಬಿಳುಪು 16 ಎಂಎಂ ಚಿತ್ರ. ಕ್ಯಾಮೆರಾದಲ್ಲಿ ಧ್ವನಿ ಇರಲಿಲ್ಲ, ಬೇರೆ ಟೇಪಿನ ಹಾಡನ್ನು ಮೇಲೆ ಕೂರಿಸಿದರು. ತುಟಿಗೂ ಪದಕ್ಕೂ ತಾಳೆಯಾಗದಿರುವುದು ಅದರ ಹುಟ್ಟುಗುಣ. ನಿಮ್ಮ ಪ್ರತಿ ಕೆಟ್ಟಿದೆ ಎಂದು ಅದನ್ನು ‘ಸರಿಪಡಿಸಲು’ ಹೋದರೆ ಚಿತ್ರವನ್ನೇ ತಿದ್ದಿದಂತಾಗುತ್ತದೆ. ಧ್ವನಿ ಸಹಿತ ಸೂಪರ್ 8 ಬಂದದ್ದು 1973ರಲ್ಲಿ, ಅಂಚಿನ ಮ್ಯಾಗ್ನೆಟಿಕ್ ಪಟ್ಟಿಯ ಮೇಲೆ, ಚಿತ್ರಕ್ಕಿಂತ 18 ಫ್ರೇಮು ಮುಂದೆ. ಅಂಥ ಫಿಲ್ಮನ್ನು ಕತ್ತರಿಸಿ ಅಂಟಿಸಿದರೆ ಚಿತ್ರ ಒಂದು ಕಡೆ ಬದಲಾಗುತ್ತದೆ, ಧ್ವನಿ ಒಂದು ಸೆಕೆಂಡು ಅತ್ತಿತ್ತ ಬದಲಾಗುತ್ತದೆ.

ಇನ್ನೊಂದು ಕವಲು ವಿಡಿಯೋದ್ದು. ಸ್ಯಾನ್ ಫ್ರಾನ್ಸಿಸ್ಕೋದ ಟಾರ್ಗೆಟ್ ವಿಡಿಯೋದ ಜೋ ರೀಸ್ ತಂಡ 1978ರ ಜೂನ್ 13ರಂದು ನಾಪಾದ ಮಾನಸಿಕ ಆಸ್ಪತ್ರೆಯಲ್ಲಿ ಕ್ರ್ಯಾಂಪ್ಸ್ ಬ್ಯಾಂಡ್ ನಡೆಸಿಕೊಟ್ಟ ಕಾರ್ಯಕ್ರಮವನ್ನು ಕಪ್ಪು ಬಿಳುಪು ಪೋರ್ಟಪ್ಯಾಕ್‌ನಲ್ಲಿ, ಅಂದರೆ ಹೊತ್ತೊಯ್ಯಬಹುದಾದ ವಿಡಿಯೋ ಯಂತ್ರದಲ್ಲಿ, ಹಿಡಿಯಿತು. ನ್ಯೂಯಾರ್ಕಿನಲ್ಲಿ ಪ್ಯಾಟ್ ಐವರ್ಸ್ ಮತ್ತು ಎಮಿಲಿ ಆರ್ಮ್‌ಸ್ಟ್ರಾಂಗ್ ಸಿಬಿಜಿಬಿ ಮುಂತಾದ ಕಡೆ ಹಿಡಿದ ‘ನೈಟ್‌ಕ್ಲಬ್ಬಿಂಗ್’ ಟೇಪುಗಳು ಈಗ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಫೇಲ್ಸ್ ಗ್ರಂಥಾಲಯದಲ್ಲಿವೆ. ವಿಡಿಯೋಗೆ ಒಂದು ದೊಡ್ಡ ಅನುಕೂಲ: ಟೇಪು ಓಡುತ್ತಲೇ ಇರುತ್ತದೆ, ಹಾಡುಗಳ ನಡುವಿನ ಜಗಳ, ಬೈಗುಳ, ತಂತಿ ಬದಲಿಸುವ ಹೊತ್ತು ಎಲ್ಲವೂ ಉಳಿದಿರುತ್ತದೆ. ಕನ್ಸರ್ಟ್ ದಾಖಲೆಯೆಂದು ನೋಡಿದರೆ ನಾನು ಕಾಳುಕಾಳಾದ ಸುಂದರ ಫಿಲ್ಮಿಗಿಂತ ಈ ಮಂಕು ವಿಡಿಯೋವನ್ನೇ ಮೇಲಿಡುತ್ತೇನೆ.

ಈಗ ಕೈಗೆ ಬಂದ ರೀಲಿಗೆ ಬರೋಣ. 16 ಎಂಎಂ ರೀಲು ಸಿಕ್ಕಿತೆಂದು ನೇರ ಪ್ರೊಜೆಕ್ಟರಿಗೆ ಹಾಕಬೇಡಿ. ಲೈಟ್ ಬಾಕ್ಸ್ ಮೇಲೆ, ಕೈಗೆ ಹತ್ತಿಯ ಕೈಗವಸು ಹಾಕಿ, ಭೂತಗನ್ನಡಿಯಲ್ಲಿ ಮೊದಲ ಐದಾರು ಅಡಿ ನೋಡಿ. ತೂತುಗಳ ಸುತ್ತಲಿನ ಅಂಚು ಕಪ್ಪಗಿದ್ದು ಅಕ್ಷರಗಳು ತಿಳಿಯಾಗಿದ್ದರೆ ಅದು ರಿವರ್ಸಲ್ ಫಿಲ್ಮು, ಅಂದರೆ ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಮೂಡುವ ಬಗೆಯದು: ಕ್ಯಾಮೆರಾದಲ್ಲಿ ಓಡಿದ್ದೇ ಆಗಿರಬಹುದು, ಅದರಿಂದ ತೆಗೆದ ರಿವರ್ಸಲ್ ಪ್ರಿಂಟೂ ಆಗಿರಬಹುದು. ಅಂಚು ಪಾರದರ್ಶಕವಾಗಿದ್ದು ಅಕ್ಷರ ಕಪ್ಪಗಿದ್ದರೆ ನೆಗೆಟಿವ್‌ನಿಂದ ತೆಗೆದ ಪ್ರಿಂಟು. ಆಮೇಲೆ ಎಮಲ್ಷನ್ (ಚಿತ್ರ ಮೂಡಿರುವ ಲೇಪ) ಬದಿ ಯಾವುದೆಂದು ಗುರುತಿಸಿ. ಮಂಕಾಗಿರುವುದು ಎಮಲ್ಷನ್, ಹೊಳೆಯುವುದು ಬೇಸ್, ಅಂದರೆ ಲೇಪ ಹೊತ್ತಿರುವ ಪಾರದರ್ಶಕ ಪಟ್ಟಿ. ಸಂಶಯವಿದ್ದರೆ ಲೀಡರಿನ (ಚಿತ್ರಕ್ಕೆ ಮುಂಚಿನ ಖಾಲಿ ಫಿಲ್ಮಿನ) ತುದಿಯನ್ನು ಒದ್ದೆ ತುಟಿಗೆ ತಾಗಿಸಿ, ಎಮಲ್ಷನ್ ಬದಿ ಸ್ವಲ್ಪ ಅಂಟುತ್ತದೆ. ವೇದಿಕೆಯ ಮೇಲಿನ ಅಕ್ಷರಗಳು, ಆಂಪ್ಲಿಫೈಯರಿನ ಮೇಲಿನ ಹೆಸರು, ಟೀ ಶರ್ಟಿನ ಬರಹ ಬೇಸ್ ಬದಿಯಿಂದ ನೋಡಿದಾಗ ನೇರವಾಗಿ ಓದಿಸಿಕೊಂಡರೆ ಕ್ಯಾಮೆರಾ ಮೂಲದ ಸಾಧ್ಯತೆ. ಎಮಲ್ಷನ್ ಬದಿಯಿಂದ ನೇರವಾಗಿದ್ದರೆ ಎರಡು ಫಿಲ್ಮನ್ನು ಒಂದಕ್ಕೊಂದು ಒತ್ತಿ ಅದರಿಂದ ತೆಗೆದ ಕಾಂಟ್ಯಾಕ್ಟ್ ಪ್ರಿಂಟು. ಪ್ರತಿ ಕಾಂಟ್ಯಾಕ್ಟ್ ನಕಲಿಗೂ ಬದಿ ಮಗುಚುತ್ತದೆ, ಆದ್ದರಿಂದ ನಕಲಿನ ನಕಲು ಮತ್ತೆ ಮೂಲದಂತೆಯೇ ಕಾಣುತ್ತದೆ. ಲೆನ್ಸಿನ ಮೂಲಕ ನಕಲಿಸುವ ಆಪ್ಟಿಕಲ್ ಪ್ರಿಂಟರಿನಲ್ಲಿ ದೊಡ್ಡದು ಮಾಡಿದ್ದರಂತೂ ಈ ಲೆಕ್ಕವೇ ನಡೆಯುವುದಿಲ್ಲ. ಸೂಪರ್ 8ರಿಂದ 16 ಎಂಎಂಗೆ ಏರಿಸಿದ ಚಿತ್ರಗಳು ಈ ಲೋಕದಲ್ಲಿ ಸಾಮಾನ್ಯವಾದ್ದರಿಂದ ಇದೊಂದೇ ಗುರುತನ್ನು ನಂಬಿ ಹಣ ಕೊಡಬಾರದು.

ನಂಬಬಹುದಾದ ಇನ್ನೊಂದು ಗುರುತು ಅಂಟಿಸಿದ ಜಾಗ. ಚಿತ್ರದಲ್ಲಿ ಅಂಟಿನ ಗೆರೆ ಕಂಡಾಗ ಆ ಜಾಗವನ್ನು ಬೆರಳ ನಡುವೆ ಹಿಡಿದು ನೋಡಿ. ಗೆರೆ ಕೈಗೆ ತಾಗಿದರೆ ಈ ಫಿಲ್ಮನ್ನೇ ಕತ್ತರಿಸಿ ಜೋಡಿಸಿದ್ದಾರೆ. ಕಣ್ಣಿಗೆ ಕಂಡು ಕೈಗೆ ನುಣುಪಾಗಿದ್ದರೆ ಅದು ಹಿಂದಿನ ಪ್ರತಿಯ ಅಂಟಿನ ಛಾಯಾಚಿತ್ರ, ನಿಮ್ಮದು ಅದರ ನಕಲು. ಗೀರುಗಳೂ ಹಾಗೆಯೇ. ಬೆಳಕನ್ನು ಓರೆಯಾಗಿ ಬಿಟ್ಟಾಗ ಮೇಲ್ಮೈಯಲ್ಲಿ ಹೊಳೆಯುವ ಗೀರು ಈ ಪ್ರತಿಯದ್ದು. ಚಿತ್ರದಲ್ಲಿದ್ದೂ ಮೇಲ್ಮೈಯಲ್ಲಿ ಇಲ್ಲದ್ದು ಹಿಂದಿನ ತಲೆಮಾರಿನದ್ದು.

ಕೊಡಾಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನ, ಕೂಡು ಚಿಹ್ನೆಗಳಲ್ಲಿ ತಯಾರಾದ ವರ್ಷ ಇರುತ್ತದೆ. ಆ ಕಾಲದ ಚಿಹ್ನೆಗಳು 20 ವರ್ಷಕ್ಕೊಮ್ಮೆ ಮರುಕಳಿಸುತ್ತವೆ, ಆದ್ದರಿಂದ 1957ರದ್ದೂ 1977ರದ್ದೂ ಒಂದೇ. ಪಂಕ್ ಚಿತ್ರಕ್ಕೆ ಇದು ತೊಂದರೆಯಲ್ಲ, ವಿಷಯವೇ ಕಾಲ ಹೇಳುತ್ತದೆ. ತೊಂದರೆ ಬೇರೆಡೆ ಇದೆ: ನೆಗೆಟಿವ್‌ನ ಅಂಚಿನ ಚಿಹ್ನೆ ಪ್ರಿಂಟಿನ ಮೇಲೂ ಮೂಡಿರುತ್ತದೆ. ಒಂದೇ ಅಂಚಿನಲ್ಲಿ ಎರಡು ಬಗೆಯ ಗುರುತುಗಳು, ಒಂದು ಚೂಪು, ಒಂದು ತುಸು ಮಸುಕು ಎಂದು ಕಂಡರೆ ಚೂಪಾದದ್ದು ನಿಮ್ಮ ಪ್ರಿಂಟಿನ ವರ್ಷ, ಮಸುಕಾದದ್ದು ನೆಗೆಟಿವ್‌ನದ್ದು. ಮಾರುವವರು ಹೆಚ್ಚಾಗಿ ಮಸುಕಾದುದನ್ನೇ ತೋರಿಸುತ್ತಾರೆ. ದೂರದಿಂದ ಕೊಳ್ಳುವಾಗ ಡಬ್ಬಿಯ ಮೇಲಿನ ಲೇಬಲ್ ಫೋಟೋ ಸಾಲದು. ಲೀಡರು, ಮೊದಲ ಹತ್ತು ಫ್ರೇಮು, ಎರಡೂ ಅಂಚು, ಒಂದು ಅಂಟು, ಇಷ್ಟರ ಹತ್ತಿರದ ಫೋಟೋ ಕೇಳಿ. ಕೊಡಲು ಒಪ್ಪದವರ ಬಳಿ ಕೊಳ್ಳಬೇಡಿ.

ಸ್ಥಿತಿ ನೋಡುವಾಗ ಮೂಗು ಮೊದಲು. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಬೇಸ್ ಒಡೆಯುತ್ತಿದೆ, ಅಸಿಟಿಕ್ ಆಮ್ಲ ಹೊರಬರುತ್ತಿದೆ. ಆ ಆಮ್ಲವೇ ಒಡೆಯುವಿಕೆಯನ್ನು ಇನ್ನೂ ಜೋರು ಮಾಡುತ್ತದೆ, ಪಕ್ಕದ ರೀಲುಗಳಿಗೂ ಹರಡುತ್ತದೆ. ಅಂಥ ರೀಲನ್ನು ಆ ಕ್ಷಣವೇ ಬೇರೆ ಇಡಿ. ಮೂಗಿಗಿಂತ ನಿಖರವಾಗಿ ತಿಳಿಯಲು ಎ-ಡಿ ಸ್ಟ್ರಿಪ್ ಎಂಬ ಕಾಗದದ ಪಟ್ಟಿ ಸಿಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಕೋಣೆಯ ತಾಪದಲ್ಲಿ ಕನಿಷ್ಠ 24 ಗಂಟೆ ಇಡಬೇಕು. ನೀಲಿಯೇ ಉಳಿದರೆ ಚೆನ್ನಾಗಿದೆ. ಹಸಿರಿನತ್ತ ತಿರುಗಿದರೆ, ಅಂದರೆ ಅಳತೆಯಲ್ಲಿ 1.5 ದಾಟಿದರೆ, ಕೊಳೆತ ತನ್ನನ್ನು ತಾನೇ ದೂಡುವ ಹಂತಕ್ಕೆ ಬಂದಿದೆ, ಮೊದಲು ಸ್ಕ್ಯಾನ್ ಆಗಬೇಕಾದದ್ದು ಅದೇ, ಹಳದಿಯಾದರೆ ತುರ್ತು. ಮ್ಯಾಗ್ನೆಟಿಕ್ ಪಟ್ಟಿ ಇರುವ ಫಿಲ್ಮು ಬೇಗ ಕೊಳೆಯುತ್ತದೆ, ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡ್ ಆ ಕ್ರಿಯೆಗೆ ವೇಗ ಕೊಡುತ್ತದೆ. ಧ್ವನಿ ಇರುವ ಸೂಪರ್ 8 ರೀಲುಗಳೇ ನಮಗೆ ಅತ್ಯಂತ ಬೇಕಾದವು, ಅವೇ ಮೊದಲು ಹೋಗುವಂಥವು.

ಕುಗ್ಗುವಿಕೆ ಅಳೆಯುವುದು ಸುಲಭ. 16 ಎಂಎಂ ಪ್ರಿಂಟಿನಲ್ಲಿ ತೂತಿನಿಂದ ತೂತಿಗೆ 7.62 ಮಿ.ಮೀ., ನೂರು ತೂತಿಗೆ 762 ಮಿ.ಮೀ. ಹೊಸ ಪಾಲಿಯೆಸ್ಟರ್ ಲೀಡರಿನ ನೂರು ತೂತುಗಳ ಪಕ್ಕ ಹಳೆಯದನ್ನು ಮಲಗಿಸಿ ಒಂದು ತುದಿ ಸರಿಹೊಂದಿಸಿ. ಇನ್ನೊಂದು ತುದಿಯಲ್ಲಿ ಪೂರಾ ಒಂದು ತೂತಿನಷ್ಟು ಕಡಿಮೆ ಬಂದರೆ ಕುಗ್ಗಿರುವುದು ಶೇ. 1. ಅಲ್ಲಿಗೆ ಹಲ್ಲಿನ ಚಕ್ರದ ಪ್ರೊಜೆಕ್ಟರ್ ತೂತುಗಳನ್ನು ಹರಿಯಲು ಶುರುಮಾಡುತ್ತದೆ. ಶೇ. 0.8 ದಾಟಿದ ಯಾವುದನ್ನೂ ಪ್ರೊಜೆಕ್ಟರಿಗೆ ಹಾಕಬೇಡಿ, ಹಲ್ಲಿಲ್ಲದ ಸ್ಕ್ಯಾನರಿಗೆ ಕಳಿಸಿ. ಒಂದು ಎಚ್ಚರ: ಕ್ಯಾಮೆರಾ ಫಿಲ್ಮಿನ ತೂತಿನ ಅಂತರ ಹುಟ್ಟಿನಿಂದಲೇ 7.605 ಮಿ.ಮೀ., ನೂರಕ್ಕೆ ಒಂದೂವರೆ ಮಿ.ಮೀ. ಕಡಿಮೆ. ಅದನ್ನು ಕುಗ್ಗುವಿಕೆ ಎಂದು ಎಣಿಸಬಾರದು.

ಬಣ್ಣ ಗುಲಾಬಿಗೆ ತಿರುಗಿದ್ದರೆ ಹಳೆಯ ಈಸ್ಟ್‌ಮನ್ ಪ್ರಿಂಟು, ನೀಲಿ-ಹಸಿರು ಡೈ ಕತ್ತಲಲ್ಲೇ ಮಾಸಿಹೋಗಿದೆ. ಸ್ಕ್ಯಾನ್ ಮಾಡಿ ಸ್ವಲ್ಪ ಮರಳಿಸಬಹುದು, ಪೂರ್ತಿ ಆಗದು. ಕೊಡಾಕ್ರೋಮ್ ಆದರೆ ಇಂದಿಗೂ ನಿನ್ನೆ ತೊಳೆದಂತಿರುತ್ತದೆ. ಸ್ಕ್ಯಾನ್ ಮಾಡಿಸುವಾಗ ಒಂದೇ ಮಾತು ಒತ್ತಿ ಹೇಳಿ: ಫ್ರೇಮಿನ ಹೊರಗಿನ ಅಂಚು, ತೂತು ಎಲ್ಲವೂ ಬರುವಂತೆ ಅಗಲವಾಗಿ ತೆಗೆಯಿರಿ ಎಂದು. ಅಂಚಿನ ಗುರುತುಗಳೇ ಪ್ರತಿಯ ಜಾತಕ, ಅವನ್ನು ಕತ್ತರಿಸಿದ ಸ್ಕ್ಯಾನಿನಿಂದ ಮುಂದೆ ಏನನ್ನೂ ಸಾಬೀತು ಮಾಡಲಾಗದು.

ಹೆಚ್ಚಿನವರ ಕೈಗೆ ಸಿಗುವುದು ರೀಲಲ್ಲ, ವಿಎಚ್‌ಎಸ್ ಕ್ಯಾಸೆಟ್ಟು. ಅದರ ತಲೆಮಾರು ಎಣಿಸಲು ಚಿತ್ರದ ಕೆಳತುದಿ ನೋಡಬೇಕು. ವಿಸಿಆರ್‌ನಲ್ಲಿ (ಕ್ಯಾಸೆಟ್ಟು ಓಡಿಸುವ ಯಂತ್ರದಲ್ಲಿ) ಟೇಪು ಓದುವ ಎರಡು ಹೆಡ್‌ಗಳು ಅದಲುಬದಲಾಗುವ ಜಾಗದಲ್ಲಿ ಕೆಳಗಿನ ಕೆಲವು ಗೆರೆಗಳು ಹರಿದಂತೆ ಓರೆಯಾಗುತ್ತವೆ. ಟಿವಿ ಆ ಭಾಗವನ್ನು ಮುಚ್ಚುತ್ತದೆ, ಕಂಪ್ಯೂಟರಿಗೆ ಇಳಿಸಿದ ಫೈಲಿನಲ್ಲಿ ಕಾಣುತ್ತದೆ. ಟೇಪಿನಿಂದ ಟೇಪಿಗೆ ನಕಲು ಮಾಡಿದಾಗ ಹಳೆಯ ಹರಿದ ಪಟ್ಟಿ ಚಿತ್ರದ ಭಾಗವಾಗಿಯೇ ಅಚ್ಚಾಗುತ್ತದೆ, ಹೊಸದು ತುಸು ಬೇರೆ ಎತ್ತರದಲ್ಲಿ ಸೇರುತ್ತದೆ. ಮೂರು ಬೇರೆ ಬೇರೆ ಪಟ್ಟಿ ಎಣಿಸಲು ಸಿಕ್ಕರೆ ಕನಿಷ್ಠ ಮೂರು ಸಲ ಟೇಪಿಗೆ ಇಳಿದಿದೆ. ಎರಡು ಒಂದರ ಮೇಲೊಂದು ಬಿದ್ದು ಒಂದಾಗಿ ಕಾಣಬಹುದಾದ್ದರಿಂದ ‘ಕನಿಷ್ಠ’ ಎಂದೇ ಹೇಳಬೇಕು. ಇದರ ಜೊತೆಗೆ ಬಣ್ಣ ನೋಡಿ. ಕೆಂಪು ಗಿಟಾರಿನ ಕೆಂಪು ಗಿಟಾರಿನ ಗಡಿ ದಾಟಿ ಕೆಳಕ್ಕೆ ಸೋರಿದಂತಿದ್ದರೆ ನಕಲಿನ ಮೇಲೆ ನಕಲಾಗಿದೆ.

ಟಾರ್ಗೆಟ್ ವಿಡಿಯೋದಂಥ ಅಮೆರಿಕದ ಮೂಲ ವಿಡಿಯೋ ಪಾಲ್ ಟೇಪಿನಲ್ಲಿ ಬಂದರೆ ನಡುವೆ ಒಮ್ಮೆ ಪದ್ಧತಿ ಬದಲಾಗಿದೆ ಎಂದರ್ಥ, ಚಲನೆಯಲ್ಲಿ ಎರಡೆರಡು ನೆರಳು ಕಾಣುತ್ತದೆ. ಫಿಲ್ಮಿನಲ್ಲಿ ತೆಗೆದದ್ದು ಹಾಗಲ್ಲ. ಅದನ್ನು ನೇರವಾಗಿ ಪಾಲ್‌ಗೆ ಇಳಿಸಿರಬಹುದು, ಆಗ 24 ಫ್ರೇಮಿನ ಚಿತ್ರ 25ರಲ್ಲಿ ಓಡುತ್ತದೆ. 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ಶ್ರುತಿ ಅರ್ಧ ಸ್ವರಕ್ಕಿಂತ (ಸೆಮಿಟೋನ್‌ಗಿಂತ) ತುಸು ಕಡಿಮೆ ಏರುತ್ತದೆ. ನಾಲ್ಕು ನಿಮಿಷ ಕತ್ತರಿಸಿದ್ದಾರೆ ಎಂದು ದೂರುವ ಮುನ್ನ ಒಂದು ಹಾಡಿನ ಶ್ರುತಿಯನ್ನು ರೆಕಾರ್ಡಿನ ಜೊತೆ ಹೋಲಿಸಿ. ವೇದಿಕೆಯ ಮೇಲೆ ಗಿಟಾರಿನ ಶ್ರುತಿ ಹೆಚ್ಚುಕಡಿಮೆ ಇರುತ್ತಿದ್ದುದರಿಂದ ನಾಲ್ಕೈದು ತಂಡಗಳ ಹಾಡು ಹೋಲಿಸುವುದು ಲೇಸು. ಎಲ್ಲವೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಕಾರಣ ಪಾಲ್.

ಟಿ-120 ಕ್ಯಾಸೆಟ್ಟಿನಲ್ಲಿ ಸಾಮಾನ್ಯ ವೇಗವಾದ ಎಸ್‌ಪಿಯಲ್ಲಿ 2 ಗಂಟೆ, ನಿಧಾನ ವೇಗವಾದ ಇಪಿಯಲ್ಲಿ 6 ಗಂಟೆ. ಟೇಪು ಉಳಿಸಲು ಇಪಿಯಲ್ಲಿ ಮೂರು ಚಿತ್ರ ತುಂಬಿದ ಕ್ಯಾಸೆಟ್ಟುಗಳು ಬಹಳ ಓಡಾಡಿವೆ. ಹೈ-ಫೈ ಅಲ್ಲದ ಧ್ವನಿ ಟೇಪಿನ ಅಂಚಿನಲ್ಲಿ ಟೇಪಿನ ವೇಗದಲ್ಲೇ ದಾಖಲಾಗುತ್ತದೆ. ವೇಗ ಮೂರರಲ್ಲೊಂದಾದಾಗ ಸಿಂಬಲ್ಸ್‌ನ ನಾದ ಮೊದಲು ಕಾಣೆಯಾಗುತ್ತದೆ, ಗಿಟಾರು ಕಂಬಳಿ ಹೊದ್ದಂತೆ ಕೇಳುತ್ತದೆ.

ಟೇಪನ್ನು ವಿಸಿಆರ್‌ಗೆ ಹಾಕುವ ಮೊದಲು ಕಿಟಕಿಯಿಂದ ಸುತ್ತಿನ ಮೇಲ್ಭಾಗ ನೋಡಿ. ಬಿಳಿ ಪುಡಿಯಂತೆ ಕಂಡರೆ ಬೂಷ್ಟು. ಓಡಿಸಿದರೆ ಹೆಡ್ ಹಾಳು, ಮುಂದೆ ಹಾಕುವ ಪ್ರತಿ ಟೇಪಿಗೂ ಹರಡುತ್ತದೆ. ಹಳೆಯ ವೃತ್ತಿಪರ ವಿಡಿಯೋ ಕ್ಯಾಸೆಟ್ಟಾದ ಯು-ಮ್ಯಾಟಿಕ್ ಮತ್ತು ತೆರೆದ ರೀಲಿನ ಅರ್ಧ ಇಂಚಿನ ಟೇಪುಗಳಲ್ಲಿ ಇನ್ನೊಂದು ರೋಗ: ಮ್ಯಾಗ್ನೆಟಿಕ್ ಪುಡಿಯನ್ನು ಟೇಪಿಗೆ ಹಿಡಿದಿಡುವ ಅಂಟು ತೇವ ಹೀರಿ ಜಿಗುಟಾಗಿ, ಓಡುವಾಗ ಕಿರುಗುಟ್ಟಿ, ಕಂದು ಮಸಿ ಬಿಡುತ್ತದೆ. ತಾಪ ಹಿಡಿತದಲ್ಲಿಡುವ ಇನ್‌ಕ್ಯುಬೇಟರ್‌ನಲ್ಲಿ 50ರಿಂದ 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಇಟ್ಟು, ನಿಧಾನ ತಣಿಸಿ, ಕೆಲವೇ ವಾರಗಳೊಳಗೆ ಇಳಿಸಿಕೊಳ್ಳಬೇಕು. ಅಡುಗೆಯ ಓವನ್ನಿನ ತಾಪ ಏರಿಳಿಯುತ್ತದೆ, ಅದು ಬೇಡ. ಅಸಿಟೇಟ್ ಬೇಸಿನ ಆಡಿಯೋ ಟೇಪನ್ನು ಹೀಗೆ ಬಿಸಿ ಮಾಡಲೇಬಾರದು, ಹಾಳಾಗುತ್ತದೆ.

ಇಳಿಸುವಾಗ ಎಸ್-ವಿಡಿಯೋ ಹೊರಹರಿವಿರುವ ಒಳ್ಳೆಯ ಎಸ್-ವಿಎಚ್‌ಎಸ್ ಯಂತ್ರ, ನಡುವೆ ಅಲ್ಲಾಡುವ ಸಂಕೇತವನ್ನು ಸ್ಥಿರಗೊಳಿಸುವ ಟೈಮ್ ಬೇಸ್ ಕರೆಕ್ಟರ್, ಫೈಲು ಗುಣಮಟ್ಟ ಕಳೆಯದ ಎಫ್‌ಎಫ್‌ವಿ1 ಅಥವಾ ಹಫ್‌ವೈಯುವಿ ರೂಪದಲ್ಲಿ, ಬಣ್ಣದ ದಾಖಲಾತಿ 4:2:2. ಎನ್‌ಟಿಎಸ್‌ಸಿಗೆ 720×480, ಪಾಲ್‌ಗೆ 720×576. ಗಂಟೆಗೆ ಸುಮಾರು 30 ಜಿಬಿ ಜಾಗ ಬೇಕು. ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆ ಮೂಡಿಸುವ ಕ್ರಮ) ಹಾಗೆಯೇ ಇರಲಿ. ನೋಡಲು ಬೇಕಾದ ಚಿಕ್ಕ ಫೈಲನ್ನು ಆಮೇಲೆ ಬೇರೆ ಮಾಡಿಕೊಳ್ಳಿ, ಮೂಲ ಫೈಲಿನಲ್ಲಿ ಚಿತ್ರದ ಕಾಳು (ನಾಯ್ಸ್) ಕಡಿಮೆ ಮಾಡುವ ಫಿಲ್ಟರ್ ಹಾಕಬೇಡಿ. ಕತ್ತಲೆ ಕ್ಲಬ್ಬಿನ ದೃಶ್ಯದಲ್ಲಿ ಯಂತ್ರಕ್ಕೆ ಕಾಳೂ ಒಂದೇ, ಹಿಂದಿನ ಸಾಲಿನ ಜನರ ಮುಖವೂ ಒಂದೇ, ಎರಡನ್ನೂ ಒರೆಸಿಹಾಕುತ್ತದೆ. ಪೋರ್ಟಪ್ಯಾಕ್ ದೃಶ್ಯಗಳಲ್ಲಿ ಡ್ರಮ್ ಹೊಡೆತಕ್ಕೆ ಉಳಿದ ಧ್ವನಿಯೆಲ್ಲ ಒಮ್ಮೆ ಕುಸಿದು ಮತ್ತೆ ಏಳುವುದು ಕೇಳಿಸುತ್ತದೆ. ಅದು ಯಂತ್ರ ತಾನಾಗಿ ಧ್ವನಿಮಟ್ಟ ಹೊಂದಿಸುತ್ತಿದ್ದ ಫಲ, ಟೇಪಿನ ದೋಷವಲ್ಲ.

ರೀಲು ನಿಮ್ಮದಾದರೂ ಹಾಡಿನ ಹಕ್ಕು ನಿಮ್ಮದಾಗುವುದಿಲ್ಲ. ಸಾರ್ವಜನಿಕವಾಗಿ ತೋರಿಸಲು, ಅಂತರ್ಜಾಲಕ್ಕೆ ಏರಿಸಲು ಅನುಮತಿ ಬೇಕು. ಆದರೆ ಎಲ್ಲೂ ಇಲ್ಲದ ದೃಶ್ಯ ನಿಮ್ಮಲ್ಲಿದ್ದರೆ ತೆಗೆದವರಿಗೆ, ತಂಡದವರಿಗೆ, ಇಲ್ಲವೇ ಅಂಥ ಸಂಗ್ರಹವಿರುವ ಗ್ರಂಥಾಲಯಕ್ಕೆ ತಿಳಿಸಿ, ಒಂದು ಪೂರ್ತಿ ಗುಣಮಟ್ಟದ ಫೈಲು ಕೊಡಿ. ಬಚ್ಚಿಟ್ಟ ಒಂಟಿ ಪ್ರತಿ ಕೊಳೆತರೆ ಆ ಕಾರ್ಯಕ್ರಮವೇ ಹೋಯಿತು, ಇಂಥ ಬಚ್ಚಿಡುವಿಕೆಗೆ ನನ್ನಲ್ಲಿ ಯಾವ ಗೌರವವೂ ಇಲ್ಲ. ಕೊಡುವಾಗ ಜೊತೆಗೊಂದು ಸಾದಾ ಪಠ್ಯದ ಕಡತ ಇಡಿ: ಯಾವ ಮಾಧ್ಯಮ, ಯಾವ ಬ್ರ್ಯಾಂಡಿನ ಟೇಪು ಅಥವಾ ಫಿಲ್ಮು, ಅಂಚಿನ ಚಿಹ್ನೆ, ಎಣಿಸಿದ ಹರಿದ ಪಟ್ಟಿ, ವೇಗ, ಯಾವ ಯಂತ್ರದಲ್ಲಿ ಯಾವ ದಿನ ಇಳಿಸಿದ್ದು, ಎಲ್ಲೆಲ್ಲಿ ಹಾಡು ಕತ್ತರಿಸಿದೆ. ನಿಮಗೆ ಯಾರಿಂದ ಬಂತು ಎಂಬುದನ್ನು ಅವರು ಒಪ್ಪಿದರೆ ಮಾತ್ರ ಬರೆಯಿರಿ. ಮೂಲ ರೀಲನ್ನು ಗಾಳಿಯಾಡುವ ಡಬ್ಬಿಯಲ್ಲಿ ಮಲಗಿಸಿ, ತಂಪಾಗಿ, ಶೇ. 30ರಿಂದ 50ರ ತೇವಾಂಶದಲ್ಲಿಡಿ. ಕ್ಯಾಸೆಟ್ಟನ್ನು ತುದಿಯವರೆಗೆ ಸಮವಾಗಿ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಹಿಂಬದಿಯ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ. ಅದಿಲ್ಲದಿದ್ದರೆ ಯಾರೂ ಅದರ ಮೇಲೆ ಬೇರೆಯದನ್ನು ತಪ್ಪಿಯೂ ರೆಕಾರ್ಡ್ ಮಾಡಲಾರರು.